ಬೆಟ್ಟದ ಕುದುರೆ, ಅಟ್ಟದ ಕುದುರೆ

ಕಳೆದ ಗಣೇಶ ಚೌತಿಯ ಹೊತ್ತಿಗೆ ಮಾಳಮಡ್ಡಿಯ ನಮ್ಮ ಓಣಿಯ ಹುಡುಗರು ನಾಲ್ಕೈದು ಮಂದಿ ಮನೆಗೆ ಬಂದು ಸಾಲಾಗಿ ನಿಂತರು. "ಸರ, ಪ್ರತಿ ವರ್ಷ ರಂಗೋಲಿ, ಸಂಗೀತ ಕುರ್ಚಿ, ಲಿಂಬು-ಚಮಚ. ಈ ಸಲ ಬ್ಯಾರೆ ಏನರೆ ಇಡೋಣರಿ." ಬೇರೆ ಏನು ಇಡಬಹುದೆಂದು ಅವರೇ ನಿರ್ಧರಿಸಿಕೊಂಡು ಬಂದಿದ್ದರು. ನನ್ನಿಂದ ಒಂದು ಪದಬಂಧ ಬರೆಸಿ, ಹಾಳೆ ಹಂಚಿ, ಎರಡು ದಿನ ಮನೆಯಲ್ಲೇ ಬಿಡಿಸಲು ಕೊಟ್ಟು, ಮೂರನೆಯ ದಿನ ಬಹುಮಾನ ಕೊಡುವುದು. ನಿವೃತ್ತ ಮೇಷ್ಟ್ರು ಖಾಲಿ ಕುಳಿತಿದ್ದಾನೆ ಎಂಬುದು ಓಣಿಗೆಲ್ಲ ಗೊತ್ತು. ಒಪ್ಪಿಕೊಂಡೆ.

ಪದಬಂಧ ಬಿಡಿಸುವುದಕ್ಕಿಂತ ಕಟ್ಟುವುದು ಎಷ್ಟು ಕಷ್ಟವೆಂದು ಆ ರಾತ್ರಿ ತಿಳಿಯಿತು. ಕನ್ನಡದಲ್ಲಿ ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಿಗೆ ಅಂದೇ ಮನಸ್ಸಿನಲ್ಲಿ ಒಂದು ನಮಸ್ಕಾರ ಹಾಕಿದೆ. ಹೇಗೋ ಚೌಕಗಳು ತುಂಬಿದವು. ಅದರಲ್ಲಿ ಒಂದು ಸುಳಿವು ಮಾತ್ರ ನನಗೇ ಬಹಳ ಹಿಡಿಸಿತು. ಬರೆದವನಿಗೆ ಬಹಳ ಹಿಡಿಸಿದ್ದರ ಬಗ್ಗೆ ಎಚ್ಚರವಿರಬೇಕೆಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿದವನು ನಾನೇ, ಆದರೂ ಬಿಡಲು ಮನಸ್ಸಾಗಲಿಲ್ಲ. ಎಡದಿಂದ ಬಲಕ್ಕೆ 14ನೆಯದು ಹೀಗಿತ್ತು:

ಬೆಟ್ಟದ ಮೇಲಲ್ಲ, ಧಾರವಾಡದ ಅಟ್ಟದ ಮೇಲೆ ಸಿಕ್ಕ ಕುದುರೆಮುಖ (5)

ಓದುಗರು ಇಲ್ಲಿ ಒಂದು ನಿಮಿಷ ನಿಂತು ತಾವೂ ಪ್ರಯತ್ನಿಸಬಹುದು. ಇದನ್ನು ಹಾದುಹೋಗುವ, ಮೇಲಿನಿಂದ ಕೆಳಕ್ಕೆ ಇಳಿಯುವ ಸುಳಿವುಗಳನ್ನೂ ಕೊಟ್ಟುಬಿಡುತ್ತೇನೆ. ಮೊದಲ ಮನೆಯಿಂದ ಇಳಿಯುವುದು: ರಾಮನ ಸೇನೆಯ ಕಪಿವೀರ (3). ಮೂರನೆಯ ಮನೆಯ ಮೂಲಕ ಹಾಯುವುದು, ಅಂದರೆ ಮೇಲಿನ ಸಾಲಿನಲ್ಲಿ ಶುರುವಾಗಿ ತನ್ನ ಎರಡನೆಯ ಅಕ್ಷರವನ್ನು ಇಲ್ಲಿ ಇಡುವುದು: ಸುದಾಮನ ಗಂಟಿನಲ್ಲಿದ್ದದ್ದು (4). ಐದನೆಯ ಮನೆಯಿಂದ ಇಳಿಯುವುದು: ಉಗುರು (2).

ಮೂರನೆಯ ದಿನ ಬಂದ ಹಾಳೆಗಳನ್ನು ಕಟ್ಟೆಯ ಮೇಲೆ ಹರಡಿಕೊಂಡು ಕುಳಿತೆ. 14ರಲ್ಲಿ ಬಹುಪಾಲು ಮಕ್ಕಳು ಕುದುರೆಮುಖ ಎಂದೇ ಬರೆದಿದ್ದರು. ಅವರನ್ನು ಬೈಯುವಂತಿಲ್ಲ. ಕು, ದು, ರೆ, ಮು, ಖ. ಎಣಿಸಿದರೆ ಐದೇ. ಸುಳಿವಿನಲ್ಲೇ ಇರುವ ಪದ ಉತ್ತರವಾಗಲಾರದು ಎಂಬ ನಿಯಮ ಅವರಿಗೆ ಯಾರು ಹೇಳಿದ್ದರು? ನಾನೇ ಹಾಳೆಯ ಮೇಲೆ ಬರೆದಿರಲಿಲ್ಲ.

ಸಾಯಂಕಾಲ ಬಹುಮಾನ ಹಂಚುವ ಮೊದಲೇ ಒಬ್ಬರು ಮಗನ ಕೈ ಹಿಡಿದುಕೊಂಡು ಬಂದರು. ಹುಡುಗ ಒಂಬತ್ತನೆಯ ಇಯತ್ತೆ. ತಂದೆ ಲೆಕ್ಕಪತ್ರದ ಕೆಲಸದವರು, ಬಹಳ ಕಟ್ಟುನಿಟ್ಟು. ಮಗನ ಹಾಳೆಯನ್ನು ನನ್ನ ಮುಂದೆ ಹಿಡಿದು, "ಅಲ್ರೀ ಸರ, ಐದು ಮನಿ, ಐದು ಅಕ್ಷರ. ಬರೋಬ್ಬರಿ ಕೂಡೇದ. ತಪ್ಪು ಹ್ಯಾಂಗ?" ಎಂದರು.

ಹಾಳೆ ನೋಡಿದೆ. ನೋಡಿ, ಕೋಪದ ಬದಲು ಒಂಥರಾ ಗೌರವವೇ ಬಂತು. ಆ ಒಂದು ಕುದುರೆಮುಖವನ್ನು ಉಳಿಸಲು ಎಂಥ ಶ್ರಮ! ಕಪಿವೀರನ ಮೊದಲ ಅಕ್ಷರ 'ಕು' ಆಗಬೇಕಾಯಿತಲ್ಲ, ಅಲ್ಲಿ 'ಕುಮುದ' ಎಂದಿತ್ತು. ರಾಮಾಯಣದಲ್ಲಿ ಕುಮುದನೆಂಬ ವಾನರ ನಾಯಕ ಇದ್ದಾನೆ, ಸುಳ್ಳಲ್ಲ. ಆದರೆ ಒಂಬತ್ತನೆಯ ಇಯತ್ತೆಯ ಹುಡುಗ ಹನುಮನನ್ನು ದಾಟಿ ಕುಮುದನವರೆಗೆ ಹೋಗುವುದಿಲ್ಲ. ಅದು ತಂದೆ ರಾತ್ರಿಯೆಲ್ಲ ಕುಳಿತು ಹುಡುಕಿ ತಂದ ಕಪಿ. ಸುದಾಮನ ಗಂಟಿನ ಎರಡನೆಯ ಅಕ್ಷರ 'ರೆ' ಆಗಬೇಕಾಯಿತು. ಅಲ್ಲಿ 'ಅರೆಕಾಸು'! "ಬಡವನ ಗಂಟಿನ್ಯಾಗ ಅರೆಕಾಸು ಇರಬಾರದೇನ್ರೀ?" ಇನ್ನು ಉಗುರು. ಮೊದಲ ಅಕ್ಷರ 'ಖ'. ಅದಕ್ಕೆ 'ಖರ' ಎಂದು ಬರೆದು, "ಖರ ಅಂದ್ರ ಚೂಪು. ಉಗುರು ಚೂಪ ಇರತದ" ಎಂದರು. ಆ ಸಾಲುಗಳನ್ನು ಮುಟ್ಟುವ ಉಳಿದ ಪದಗಳ ಗತಿ ಏನಾಗಿತ್ತೆಂದು ಕೇಳಬೇಡಿ. ಒಂದು ಪದ ಸೊಟ್ಟಾದದ್ದಕ್ಕೆ ಇಡೀ ಮೂಲೆ ಸೊಟ್ಟಾಗಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. 'ಅರೆಕಾಸು' ಎಂಬ ಅಕ್ಷರಗಳ ಕೆಳಗೆ ಪೆನ್ಸಿಲ್ಲಿನಿಂದ ಬರೆದು ಅಳಿಸಿದ ಗುರುತು ಮಬ್ಬಾಗಿ ಕಾಣುತ್ತಿತ್ತು. ಹಾಳೆಯನ್ನು ದೀಪಕ್ಕೆ ಹಿಡಿದೆ. 'ಅವಲಕ್ಕಿ' ಎಂದಿತ್ತು.

"ಇದನ್ನ ಯಾರು ಅಳಿಸಿದ್ರೋ?" ಎಂದು ಹುಡುಗನನ್ನು ಕೇಳಿದೆ. ಅವನು ತಂದೆಯ ಮುಖ ನೋಡಿದ. ಮಾತಾಡಲಿಲ್ಲ.

ಸುದಾಮ ಕೃಷ್ಣನಿಗೆ ಅವಲಕ್ಕಿ ತಂದ ಕತೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಹುಡುಗನಿಗೆ ಖಚಿತವಾಗಿ ಗೊತ್ತಿದ್ದ ಉತ್ತರ ಅದೊಂದು. ಹಿರಿಯರಿಗೆ ಊಹೆಯಿಂದ ಹೊಳೆದದ್ದು ಕುದುರೆಮುಖ. ಎರಡೂ ಕೂಡದಿದ್ದಾಗ ಅಳಿಸಿಹೋದದ್ದು ಖಚಿತವಾದದ್ದು! ಪದಬಂಧದಲ್ಲಿ ಇದು ದಿನಾಲೂ ನಡೆಯುವ ತಪ್ಪು. ನಾನೂ ಮಾಡಿದ್ದೇನೆ. ಉದ್ದನೆಯ ಪದವೊಂದು ಮನೆಗಳ ಲೆಕ್ಕಕ್ಕೆ ಸರಿಯಾಗಿ ಕೂತುಬಿಟ್ಟರೆ ಅದರ ಮೇಲೆ ಮೋಹ ಹುಟ್ಟುತ್ತದೆ. ಪೆನ್ನಿನಿಂದ ಬರೆದುಬಿಡುತ್ತೇವೆ. ಆಮೇಲೆ ನಮ್ಮ ಓದು, ಪಾಂಡಿತ್ಯ, ನಿಘಂಟು ಎಲ್ಲವೂ ಆ ತಪ್ಪಿನ ವಕೀಲಿಗೆ ನಿಲ್ಲುತ್ತವೆ. ಕುಮುದನನ್ನು ಬಲ್ಲವನು ದಡ್ಡನಲ್ಲವಲ್ಲ.

ನಾನು ತೀರ್ಪು ಕೊಡಲಿಲ್ಲ. "ನಾಳೆ ಮುಂಜಾನೆವರೆಗೂ ವ್ಯಾಳ್ಯಾ ಅದ. ಕುದುರಿಗೆ ಬ್ಯಾರೆ ಏನಂತಾರ, ಮುಖಕ್ಕ ಬ್ಯಾರೆ ಏನಂತಾರ, ಮನ್ಯಾಗ ಕೇಳು. ಮೊಬೈಲ್ ಕೇಳಬ್ಯಾಡ" ಎಂದು ಹುಡುಗನಿಗೆ ಹೇಳಿ ಕಳಿಸಿದೆ. ಬಹುಮಾನ ಹಂಚುವುದು ಮರುದಿನಕ್ಕೆ ಹೋಯಿತು. ಓಣಿಯ ಕಮಿಟಿಯ ಹುಡುಗರು ನನ್ನ ಮೇಲೆ ಗೊಣಗಿದರು. ತಂದೆ ಹೋಗುವಾಗ ಬಾಗಿಲಲ್ಲಿ ನಿಂತು, "ಇವೆಲ್ಲಾ ಯಾವ ಪರೀಕ್ಷಾದಾಗ ಬರತಾವ ಹೇಳ್ರಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತ ಇಂಥ ಮೊದಲ ಪದಬಂಧವನ್ನು ಅಚ್ಚು ಹಾಕಿಸಿದಾಗ, ಮೇಲಿನ ಸಾಲಿನಲ್ಲಿ 'ಮೋಜು' ಎಂಬರ್ಥದ ಮೂರಕ್ಷರದ ಇಂಗ್ಲಿಷ್ ಪದವನ್ನು ತಾನೇ ತುಂಬಿಟ್ಟಿದ್ದ. ಅದನ್ನು ಹೇಳೋಣವೆಂದುಕೊಂಡೆ. ಆ ಗಳಿಗೆಯಲ್ಲಿ ಅದು ಉಪಯೋಗಕ್ಕೆ ಬರುವ ಮಾತಲ್ಲವೆಂದು ಸುಮ್ಮನಾದೆ.

ಈಗ ಸುಳಿವನ್ನು ಬಿಡಿಸೋಣ. ಬೆಟ್ಟ ಅಲ್ಲ ಎಂದು ಸುಳಿವು ಮೊದಲೇ ಬಾಯಿಬಿಟ್ಟು ಹೇಳಿದೆ. ಚಿಕ್ಕಮಗಳೂರು ಜಿಲ್ಲೆಯ ಶಿಖರವನ್ನು ಮರೆಯಿರಿ ಎಂದೇ ಅದರ ಅರ್ಥ. ಉಳಿದದ್ದು ಕುದುರೆ ಮತ್ತು ಮುಖ. ಕುದುರೆಗೆ ನಮ್ಮಲ್ಲಿ ಹೆಸರುಗಳು ಬೇಕಾದಷ್ಟು: ಅಶ್ವ, ತುರಗ, ವಾಜಿ, ತೇಜಿ, ಹಯ. ಮುಖಕ್ಕೆ ವದನ, ಆನನ, ಮೋರೆ. ಹಯ ಮತ್ತು ವದನ ಕೂಡಿದರೆ ಹಯವದನ. ಹ, ಯ, ವ, ದ, ನ. ಐದು. ಕಪಿವೀರ ಹನುಮನೇ ಆಗುತ್ತಾನೆ, ಅವಲಕ್ಕಿ ಸುದಾಮನ ಗಂಟಿಗೆ ಮರಳುತ್ತದೆ, ಉಗುರು 'ನಖ' ಆಗುತ್ತದೆ. ನೋಡಿ, ತಂದೆ ಹಿಡಿದಿದ್ದ 'ಖ' ಉಗುರಿನಲ್ಲಿ ಇದ್ದೇ ಇತ್ತು, ಒಂದು ಮನೆ ಕೆಳಗೆ.

ಇನ್ನು ಅಟ್ಟ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಪ್ರಕಾಶನ. 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆದವರೂ ಅವರೇ. ಅಟ್ಟವೆಂದರೆ ನಿಜಕ್ಕೂ ಮಾಳಿಗೆಯ ಮೇಲಿನ ಕೋಣೆ, ಸಾಹಿತಿಗಳು ಹತ್ತಿ ಇಳಿದು ಸವೆಸಿದ ಮೆಟ್ಟಿಲು. ಇಲ್ಲಿ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಇದೇ ಗ್ರಂಥಮಾಲೆಯಿಂದ. ಹತ್ತು ವರ್ಷದ ಮೇಲೆ, 1971ರಲ್ಲಿ, 'ಹಯವದನ'. 2011ರಲ್ಲಿ ಅವರ ಆತ್ಮಕತೆ 'ಆಡಾಡತ ಆಯುಷ್ಯ' ಬಂದದ್ದೂ ಇಲ್ಲಿಂದಲೇ. ಹೀಗಾಗಿ ಅಟ್ಟದ ಮೇಲಿನ ಕುದುರೆಮುಖ.

ಆ ನಾಟಕವನ್ನು ನೋಡದ ಮಕ್ಕಳಿಗಾಗಿ ಎರಡು ಮಾತು. ವಿಕ್ರಮ ರಾಜ ಹೆಣವನ್ನು ಹೆಗಲಿಗೇರಿಸಿಕೊಂಡು ನಡೆಯುತ್ತಾನೆ, ಹೆಣದೊಳಗಿನ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತಾನೆ. 'ಚಂದಮಾಮ' ಓದಿ ಬೆಳೆದ ತಂದೆತಾಯಿಗಳಿಗೆ ಇದನ್ನು ಹೇಳಬೇಕಿಲ್ಲ. ಆ ಮಾಸಿಕ ನಿಂತುಹೋಗಿ ವರ್ಷಗಳಾದವು, ಅದಕ್ಕೇ ಮಕ್ಕಳಿಗೆ ಹೇಳುತ್ತಿದ್ದೇನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ. ಬಾಯಿಬಿಟ್ಟರೆ ಹೆಣ ಮರಳಿ ಮರಕ್ಕೆ ಹಾರುತ್ತದೆ. ಪದಬಂಧದ ಹುಚ್ಚು ಹಿಡಿದವರ ಸ್ಥಿತಿಯೂ ಹೆಚ್ಚು ಕಡಿಮೆ ಇದೇ.

ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ಬರೆದ 'ಕಥಾಸರಿತ್ಸಾಗರ'ದಲ್ಲಿ ಬೇತಾಳ ಒಂದು ವಿಚಿತ್ರ ಕತೆ ಹೇಳುತ್ತಾನೆ. ದೇವಿಯ ಗುಡಿಯಲ್ಲಿ ಒಬ್ಬ ತನ್ನ ತಲೆ ಕಡಿದುಕೊಳ್ಳುತ್ತಾನೆ. ಅವನನ್ನು ಕಂಡು ಅವನ ಹೆಂಡತಿಯ ಅಣ್ಣನೂ ಹಾಗೇ ಮಾಡುತ್ತಾನೆ. ದೇವಿ ಪ್ರಸನ್ನಳಾಗಿ, ತಲೆಗಳನ್ನು ಜೋಡಿಸು, ಬದುಕುತ್ತಾರೆ ಎಂದಾಗ ಆ ಹೆಣ್ಣುಮಗಳು ಗಡಿಬಿಡಿಯಲ್ಲಿ ಇವನ ತಲೆ ಅವನಿಗೆ, ಅವನ ತಲೆ ಇವನಿಗೆ ಇಟ್ಟುಬಿಡುತ್ತಾಳೆ. ಈಗ ಗಂಡ ಯಾರು? ತಲೆಯೇ ಪ್ರಧಾನ, ಗಂಡನ ತಲೆ ಇದ್ದವನೇ ಗಂಡ ಎಂದು ರಾಜ ಹೇಳುತ್ತಾನೆ. ಹೆಣ ಹಾರುತ್ತದೆ. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಈ ಕತೆಯನ್ನು ಹಿಗ್ಗಿಸಿ, ರಾಜನ ಉತ್ತರ ಅಷ್ಟು ಸರಳವಲ್ಲ ಎಂದ. ಕಾರ್ನಾಡರು ಅದನ್ನು ಅಲ್ಲಿಂದ ಎತ್ತಿ ತಂದು ದೇವದತ್ತ, ಕಪಿಲ, ಪದ್ಮಿನಿ ಎಂದು ಕನ್ನಡದ ರಂಗಕ್ಕೆ ಇಳಿಸಿದರು. ಜೊತೆಗೆ ತಾವಾಗಿ ಇನ್ನೊಬ್ಬನನ್ನು ಸೇರಿಸಿದರು: ಮನುಷ್ಯನ ಮೈ, ಕುದುರೆಯ ಮುಖ. ಪೂರ್ತಿ ಮನುಷ್ಯನಾಗಬೇಕೆಂದು ಹಂಬಲಿಸಿ ಕಾಳಿಯ ಹತ್ತಿರ ಹೋದ ಅವನು, ಪೂರ್ಣತೆಯನ್ನು ಬೇಡಿ, ಪೂರ್ತಿ ಕುದುರೆಯಾಗಿ ಹೊರಬರುತ್ತಾನೆ! ಬೇಡುವಾಗ ಪದ ನೋಡಿ ಬೇಡಬೇಕು. ಹೀಗೆ ನಗುವುದೋ ಅಳುವುದೋ ತಿಳಿಯದ ಅದ್ಭುತ ಕತೆಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಮಾಟದ ಶಾಲೆಯ ಇಂಗ್ಲಿಷ್ ಹುಡುಗನ ಕತೆಯ ಏಳೂ ಸಂಪುಟ ಓದಿದ ಮಕ್ಕಳು ನಮ್ಮ ಓಣಿಯಲ್ಲಿದ್ದಾರೆ, ಓದಲಿ, ಚೆನ್ನಾಗಿವೆ. ಸ್ಟೇಶನ್ನಿನ ಆಚೆ ಈಚೆ ಓಡಾಡುತ್ತ ಬೆಳೆಯುವ ಅದೇ ಮಕ್ಕಳಿಗೆ ಸುಭಾಸ ರಸ್ತೆಯ ಅಟ್ಟದ ಕುದುರೆ ಗೊತ್ತಿಲ್ಲವಲ್ಲ ಎಂಬುದು ನನ್ನ ಸಣ್ಣ ಹೊಟ್ಟೆಯುರಿ.

ಮರುದಿನ ಮುಂಜಾನೆ ಏಳಕ್ಕೆ ಹುಡುಗ ಬಂದ. ಒಬ್ಬನೇ. ಕೈಯಲ್ಲಿ ಹಾಳೆ. 14ನೆಯ ಸಾಲನ್ನು ಪೆನ್ನಿನಿಂದ ಬರೆದಿದ್ದರಿಂದ ಅಳಿಸಲು ಬಂದಿರಲಿಲ್ಲ. ಅಡ್ಡಗೆರೆ ಎಳೆದು ಮೇಲೆ ಹಯವದನ ಎಂದು ಬರೆದಿದ್ದ.

"ಹ್ಯಾಂಗ ಹೊಳೀತೋ?"

"ನನಗ ಹೊಳೀಲಿಲ್ಲರಿ. ಅಜ್ಜಿ ಹೇಳಿದಳು. ಕುದುರಿ ಮುಖದವಾ ಅಂದ್ರ ಹಯವದನ, ದಿನಾ ಹಾಡ್ತೀನಲ್ಲೋ ಅಂದಳು."

ನನಗೆ ರೋಮಾಂಚನವಾಯಿತು. ಹಯವದನ ಎಂಬುದು ಸೋದೆಯ ವಾದಿರಾಜರ ಅಂಕಿತ. ಅವರ ಕೀರ್ತನೆಗಳೆಲ್ಲ ಆ ಹೆಸರಿನಿಂದಲೇ ಮುಗಿಯುತ್ತವೆ. ವಿಷ್ಣುವಿನ ಕುದುರೆಮುಖದ ರೂಪ ಹಯಗ್ರೀವ, ಅವನೇ ಹಯವದನ. ವಾದಿರಾಜರು ಕಡಲೆಬೇಳೆ ಬೆಲ್ಲದ ಮಡ್ಡಿಯನ್ನು ತಲೆಯ ಮೇಲೆ ಹೊತ್ತು ನಿಂತರೆ ದೇವರು ಬಿಳಿಯ ಕುದುರೆಯಾಗಿ ಬಂದು ಹಿಂದಿನಿಂದ ತಿಂದುಹೋಗುತ್ತಿದ್ದ ಎಂದು ಪ್ರತೀತಿ. ಆ ಸಿಹಿಗೆ ಇಂದಿಗೂ ಹಯಗ್ರೀವ ಮಡ್ಡಿ ಎಂದೇ ಹೆಸರು. ಅಜ್ಜಿ ನಾಟಕ ನೋಡಿದವಳಲ್ಲ, ಅಟ್ಟ ಹತ್ತಿದವಳಲ್ಲ. ಪದಬಂಧವೆಂದರೆ ಏನೆಂದು ಮೊಮ್ಮಗ ಅಂದೇ ಹೇಳಿಕೊಟ್ಟದ್ದಂತೆ. ಆದರೆ ಅದೇ ಮನೆಯಲ್ಲಿ, ತಂದೆ ಕುಮುದನನ್ನು ಹುಡುಕುತ್ತಿದ್ದ ಕೋಣೆಯ ಪಕ್ಕದ ದೇವರಮನೆಯಲ್ಲಿ, ಉತ್ತರ ದಿನಾ ಮುಂಜಾನೆ ಗಟ್ಟಿಯಾಗಿ ಕೇಳುತ್ತಿತ್ತು.

"ಅಪ್ಪಾಜಿ ಏನಂದ್ರು?"

ಹುಡುಗ ಸ್ವಲ್ಪ ಹೊತ್ತು ಹಾಳೆಯ ಅಂಚು ಮಡಚಿದ, ಬಿಡಿಸಿದ. "ಅವಲಕ್ಕಿ ಕೂಡತದ ನೋಡ್ರಿ ಅಂತ ತೋರಿಸಿದೆ. ಸುಮ್ಮನ ನೋಡಿದ್ರು. ಆಮ್ಯಾಲೆ ಖರ ಅನ್ನೂದನ್ನ ಅವರ ಹೊಡದ ಹಾಕಿದ್ರು."

ಒಂಬತ್ತನೆಯ ಇಯತ್ತೆಯ ಹುಡುಗ ತಂದೆಯ ಕೈಬರಹದ ಮೇಲೆ ಗೆರೆ ಎಳೆಯುವುದು ಸಣ್ಣ ಮಾತಲ್ಲ. ತಂದೆ ತಾವೇ ಪೆನ್ನು ತೆಗೆದುಕೊಂಡು ಉಳಿದದ್ದನ್ನು ಹೊಡೆದುಹಾಕುವುದು ಅದಕ್ಕಿಂತ ದೊಡ್ಡದು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ನನ್ನ ನಿಜವಾದ ಫಜೀತಿ ಇನ್ನೊಂದು ಹಾಳೆಯದು. ಎದುರು ಸಾಲಿನ ಮನೆಯ ಹುಡುಗಿಯೊಬ್ಬಳು 14ರಲ್ಲಿ 'ಅಶ್ವವದನ' ಎಂದು ಬರೆದಿದ್ದಳು. ಅ, ಶ್ವ, ವ, ದ, ನ. ಐದು! ಅವಲಕ್ಕಿಗೆ ಬೇಕಾದ 'ವ' ಇದೆ, ನಖಕ್ಕೆ ಬೇಕಾದ 'ನ' ಇದೆ. ಮೊದಲ ಮನೆಯಿಂದ ಇಳಿಯುವ ಕಪಿವೀರ? 'ಅಂಗದ' ಎಂದಿದ್ದಳು. ಅಶ್ವದ 'ಅ' ಪಕ್ಕದಲ್ಲಿ ಒಂದು ಸಣ್ಣ ಸೊನ್ನೆಯನ್ನು ಸಂಕೋಚದಿಂದ ತುರುಕಿದ್ದಳು, ಇದ್ದರೂ ಇದ್ದೀತು ಇಲ್ಲದಿದ್ದರೂ ಇಲ್ಲ ಎಂಬಂತೆ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ಅಕ್ಷರ. ನಮ್ಮಲ್ಲಿ ಹಾಗಲ್ಲ. ಕಾಗುಣಿತ, ಒತ್ತು, ಅನುಸ್ವಾರ ಎಲ್ಲ ಸೇರಿ ಒಂದು ಅಕ್ಷರ, ಅದಕ್ಕೆ ಒಂದು ಮನೆ. ಅವಲಕ್ಕಿಯ 'ಕ್ಕಿ' ಒಂದೇ ಮನೆಯಲ್ಲಿ ಕೂರುತ್ತದೆ. ಹಾಗೆಯೇ 'ಅ' ಬೇರೆ, 'ಅಂ' ಬೇರೆ. ಹಿಂದುಮುಂದಾಗಿ ಓದುವುದೂ ಅಕ್ಷರದ ಲೆಕ್ಕದಲ್ಲೇ. ಬೇಡನೊಬ್ಬ 'ಮರಾ ಮರಾ' ಎನ್ನುತ್ತ ಕುಳಿತದ್ದು 'ರಾಮ'ವಾಗಿ ಅವನು ವಾಲ್ಮೀಕಿಯಾದ ಕತೆ ಇದೆಯಲ್ಲ, ಅದು ಕೂಡುವುದು ಅಕ್ಷರ ಹಿಡಿದು ತಿರುಗಿಸಿದರೆ ಮಾತ್ರ. ವಿಕಟಕವಿ ಎಂಬ ಪದ ಎರಡೂ ಕಡೆಯಿಂದ ಒಂದೇ ಆಗುವುದೂ ಹಾಗೇ.

ನಿಯಮದಂತೆ ಅಶ್ವವದನ ತಪ್ಪು. ಅಟ್ಟದ ಮೇಲೆ ಆ ಹೆಸರಿನ ನಾಟಕವೂ ಸಿಕ್ಕುವುದಿಲ್ಲ. ಆದರೆ ಹುಡುಗಿ ದಾರಿ ತಪ್ಪಿರಲಿಲ್ಲ. ಬೆಟ್ಟ ಬಿಟ್ಟು, ಪದ ಒಡೆದು, ಪರ್ಯಾಯ ಹುಡುಕಿ, ಮೂರರಲ್ಲಿ ಎರಡು ಕಡೆ ಗಟ್ಟಿಯಾಗಿ ನಿಂತಿದ್ದಳು. ಮೂರನೆಯದರಲ್ಲಿ ಸೋಲಿಸಿದ್ದು ಒಂದು ಸೊನ್ನೆ, ಮತ್ತು ನನ್ನ ಅಟ್ಟ. ಹದಿಮೂರು ವರ್ಷದ ಮಗುವಿಗೆ ಸುಭಾಸ ರಸ್ತೆಯ ಮಾಳಿಗೆ ಗೊತ್ತಿರಬೇಕೆಂದು ನಾನು ಎಣಿಸಿದ್ದು ನನ್ನ ವಯಸ್ಸಿನ ಸೊಕ್ಕು. ಸುಳಿವು ಬರೆಯುವವನು ಗೊತ್ತಿಲ್ಲದವನಿಗೂ ಒಂದು ಬಾಗಿಲು ಇಡಬೇಕು. ಹನುಮನ ಬದಲು ಅಲ್ಲಿ ಬೇರೆ ಪದ ಇಟ್ಟಿದ್ದರೆ ಆಕೆ ಗೆಲ್ಲುತ್ತಿದ್ದಳು.

ಕೊನೆಗೆ ಒಂದೇ ಬಹುಮಾನವಿದ್ದದ್ದನ್ನು ಎರಡು ಮಾಡಿದೆವು. ಕಂಪಾಸ್ ಪೆಟ್ಟಿಗೆ, ಯಾವ ತಪ್ಪೂ ಇಲ್ಲದೆ ಮೊದಲೇ ಪೂರ್ತಿ ಬಿಡಿಸಿದ್ದ ಹತ್ತನೆಯ ಇಯತ್ತೆಯ ಹುಡುಗಿಗೆ ಹೋಯಿತು. ಅವಳ ಬಗ್ಗೆ ಬರೆಯಲು ಏನೂ ಇಲ್ಲ, ಎಲ್ಲ ಸರಿ ಇತ್ತು. ಅಶ್ವವದನದ ಹುಡುಗಿಗೆ ನನ್ನ ಕಪಾಟಿನಿಂದ ಹಳೆಯ 'ಹಯವದನ'ದ ಪ್ರತಿ. ಮೊದಲ ಪುಟದಲ್ಲಿ ಒಂದು ಸಣ್ಣ ಸೊನ್ನೆ ಬರೆದು ಸಹಿ ಮಾಡಿಕೊಟ್ಟೆ. ಅವಳ ತಾಯಿ ಅದೇಕೆಂದು ಕೇಳಿದರು, ಹುಡುಗಿ ಮಾತ್ರ ನಕ್ಕಳು.

ಅವಲಕ್ಕಿಯ ಹುಡುಗನಿಗೆ ಬಹುಮಾನ ಸಿಗಲಿಲ್ಲ. ತಂದೆಯೂ ಕೇಳಲಿಲ್ಲ. ಗಣಪತಿ ಕಳಿಸಿದ ಮರುದಿನ ಇಬ್ಬರೂ ಒಟ್ಟಿಗೆ ಬಂದರು. ಕೈಯಲ್ಲಿ ಡಬ್ಬಿ, ಅಜ್ಜಿ ಕಳಿಸಿದ್ದು. ಇನ್ನೂ ಬಿಸಿ ಇತ್ತು. ಡಬ್ಬಿಯ ಮೇಲೆ ಚೀಟಿ ಅಂಟಿಸಿತ್ತು. ಹುಡುಗ ತಾನೇ ಕಟ್ಟಿದ ಸುಳಿವಂತೆ, ತಂದೆ ಒಂದು ಪದ ತಿದ್ದಿದ್ದರಂತೆ. ತಿದ್ದಿದ ಗುರುತು ಕಾಣುತ್ತಿತ್ತು:

ದೇವರಿಗೆ ನೈವೇದ್ಯ, ನಮಗೆ ನಿವಾಸ. ಮುಂದೆ ಮಾಳ ಇದ್ದರೆ (2)

ಡಬ್ಬಿ ತೆಗೆಯುವ ಮೊದಲೇ ಹೇಳಬೇಕೆಂದು ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ನಾನು ಕನ್ನಡಕ ಹುಡುಕಿಕೊಂಡು ಬಂದೆ.